ಲಾರಿಯ ಒಲೆ

‘ಗ್ಯಾಸ್’ ಎಂದರೆ ನಮಗೆಲ್ಲ ಅಡುಗೆಮನೆಯ ಮೂಲೆಯಲ್ಲಿ ನಿಂತ ಕೆಂಪು ಸಿಲಿಂಡರ್. ನನ್ನ ಅಜ್ಜಿಗೆ ಮಾತ್ರ ಗ್ಯಾಸ್ ಎಂದರೆ ಲಾರಿ.

1982ರಲ್ಲಿ ತರೀಕೆರೆಯ ನಮ್ಮ ಮನೆಗೆ ಮೊದಲ ಸಿಲಿಂಡರ್ ಬಂತು. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದಳು. ಅಕ್ಕಪಕ್ಕದ ಹೆಂಗಸರು ನೋಡಲು ಬಂದರು. ಅಜ್ಜಿ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದು, ‘ಇದಕ್ಕೆ ವಾಸನೆ ಇದೆಯೇನೇ?’ ಎಂದಳು. ಸೋರಿದರೆ ಗೊತ್ತಾಗಲಿ ಎಂದು ಬೇಕೆಂದೇ ಕೆಟ್ಟ ವಾಸನೆ ಸೇರಿಸಿರುತ್ತಾರೆ ಎಂದು ಹೇಳಿದೆ. ‘ಹಾಗಾದ್ರೆ ಪರವಾಗಿಲ್ಲ. ಲಾರಿ ಗ್ಯಾಸಿಗೆ ವಾಸನೇನೇ ಇರ್ಲಿಲ್ಲ’ ಎಂದವಳೇ ಅಡುಗೆಮನೆಯ ಕಿಟಕಿಯ ಎರಡೂ ಬಾಗಿಲುಗಳನ್ನು ತೆರೆದಿಟ್ಟಳು. ಬದುಕಿರುವವರೆಗೂ ಆ ಕಿಟಕಿಯನ್ನು ಮುಚ್ಚಲು ಯಾರಿಗೂ ಬಿಡಲಿಲ್ಲ. ಮಳೆಗಾಲದ ಎರಚಲು ಒಳಗೆ ಬಂದರೂ ಅಷ್ಟೇ.

ಲಾರಿ ಗ್ಯಾಸು ಎಂದರೇನು ಎಂದು ನಾನು ಅಂದು ಕೇಳಲಿಲ್ಲ. ಕೇಳಿದ್ದು ಎಷ್ಟೋ ದಿನಗಳಾದ ಮೇಲೆ, ಅಟ್ಟ ಗುಡಿಸುವಾಗ ಮೂಲೆಯಲ್ಲಿ ದೊಡ್ಡದೊಂದು ತಂತಿಯ ಜರಡಿ ಸಿಕ್ಕಾಗ. ಅಕ್ಕಿಗೂ ಅಲ್ಲ, ರಾಗಿಗೂ ಅಲ್ಲ; ಹೆಬ್ಬೆರಳು ತೂರುವಷ್ಟು ದೊಡ್ಡ ಕಣ್ಣು. ‘ಅದು ಇಜ್ಲು ಜರಡಿ ಕಣೇ. ನಿಮ್ಮಜ್ಜನ ಲಾರಿಗೆ ಅಡುಗೆ ಮಾಡ್ತಿದ್ದುದು ಅದರಲ್ಲೇ’ ಎಂದು ಅಜ್ಜಿ ನಕ್ಕಳು. ಅವಳು ಅಂದು ಹೇಳಿದ್ದನ್ನೂ, ಅಮ್ಮ ಆಮೇಲೆ ಸೇರಿಸಿದ್ದನ್ನೂ, ನಾನು ಓದಿ ತಿಳಿದುಕೊಂಡದ್ದನ್ನೂ ಒಟ್ಟುಮಾಡಿ ಇಲ್ಲಿ ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧದ ಕಾಲ. ನಮ್ಮ ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ಅಜ್ಜ ಒಬ್ಬ ಸಾಹುಕಾರರ ಲಾರಿಯ ಡ್ರೈವರ್. ಲಿಂಗದಹಳ್ಳಿ, ಲಕ್ಕವಳ್ಳಿ ಕಡೆಯ ಕಾಡಿನಿಂದ ಕಟ್ಟಿಗೆ, ಬಿದಿರು, ಇದ್ದಿಲ ಮೂಟೆಗಳನ್ನು ತರೀಕೆರೆ ರೈಲ್ವೆ ಸ್ಟೇಷನ್ನಿಗೆ ತರುವುದು ಅವನ ಕೆಲಸ. ಆ ಕಾಲದ ಲಾರಿಗಳು ಈಗಿನಂತೆ ಡೀಸೆಲ್ಲಿನವಲ್ಲ. ಷೆವರ್ಲೆ, ಫೋರ್ಡ್ ಎಂದು ಅಮೆರಿಕದ ಹೆಸರಿನ ಪೆಟ್ರೋಲ್ ಗಾಡಿಗಳೇ ಹೆಚ್ಚು.

ಯುದ್ಧ ಶುರುವಾದ ಮೇಲೆ ಪೆಟ್ರೋಲು ಮೊದಲು ಮಿಲಿಟರಿಗೆ, ಮಿಕ್ಕಿದ್ದು ಜನರಿಗೆ ಎಂದಾಯಿತು. 1941ರಲ್ಲಿ ಪೆಟ್ರೋಲಿಗೂ ರೇಷನ್ ಬಂತು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ವಶವಾಯಿತು. ಏಪ್ರಿಲ್‌ನಲ್ಲಿ, ಶತ್ರುವಿನ ಕೈಗೆ ಸಿಗಬಾರದೆಂದು ಬರ್ಮಾದ ಯೆನಂಗ್ಯಾಂಗ್ ಎಣ್ಣೆಬಾವಿಗಳನ್ನು ಬ್ರಿಟಿಷರೇ ಹಾಳುಮಾಡಿದರು. ನಮ್ಮ ಮನೆಗಳ ಬುಡ್ಡಿದೀಪಕ್ಕೂ ಸೀಮೆಎಣ್ಣೆ ಬರುತ್ತಿದ್ದುದು ಆ ದೇಶದಿಂದ. ಎಲ್ಲಿಯದೋ ಬರ್ಮಾದ ಬಾವಿಗೆ ಬೆಂಕಿ ಬಿದ್ದರೆ ತರೀಕೆರೆಯ ದೀಪ ಆರುತ್ತದೆ ಎನ್ನುವುದು ಅಜ್ಜಿಗೆ ಅರ್ಥವಾದದ್ದು ಆ ವರ್ಷವೇ.

ದೀಪವನ್ನೇನೋ ಹರಳೆಣ್ಣೆಯಲ್ಲಿ ಹಚ್ಚಬಹುದು. ಲಾರಿ ಓಡಿಸುವುದು ಹೇಗೆ? ಅದಕ್ಕೆ ಉಪಾಯವನ್ನು ಯುರೋಪಿನವರು ಮೊದಲೇ ಕಂಡುಕೊಂಡಿದ್ದರು. ಫ್ರಾನ್ಸಿನ ಜಾರ್ಜ್ ಇಂಬರ್ಟ್ ಎಂಬ ಎಂಜಿನಿಯರ್ 1920ರ ದಶಕದಲ್ಲೇ ಕಟ್ಟಿಗೆಯಿಂದ ಅನಿಲ ತೆಗೆದು ಮೋಟಾರು ಓಡಿಸುವ ಯಂತ್ರ ಮಾಡಿದ್ದ. ಯುದ್ಧದ ವರ್ಷಗಳಲ್ಲಿ ಜರ್ಮನಿ, ಸ್ವೀಡನ್, ಫ್ರಾನ್ಸ್‌ಗಳಲ್ಲಿ ಲಕ್ಷಾಂತರ ವಾಹನಗಳು ಕಟ್ಟಿಗೆ, ಇದ್ದಿಲುಗಳಿಂದಲೇ ಓಡಿದವು. ನಮ್ಮ ದೇಶದ ಬಸ್ಸು ಲಾರಿಗಳಿಗೂ ಅಂಥ ‘ಗ್ಯಾಸ್ ಪ್ಲಾಂಟ್’ ಬಂತು. ಜನ ಅದನ್ನು ಇದ್ದಿಲು ಬಸ್ಸು, ಇದ್ದಿಲು ಲಾರಿ ಎಂದರು.

ನಮ್ಮ ಸೀಮೆಗೆ ಇದ್ದಿಲು ಹೊಸದಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದರ ಊದುಕುಲುಮೆಗೆ ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಿಲನ್ನೇ ಹಾಕಿದ್ದು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಕಟ್ಟಿಗೆ, ಎರಡೂ ಸೇರಿ ಕಬ್ಬಿಣವಾಗುತ್ತಿತ್ತು. ಹಾಗಾಗಿ ಇದ್ದಿಲು ಸುಡುವವರೂ ಅದನ್ನು ಹೊರುವವರೂ ಇಲ್ಲಿ ಬೇಕಾದಷ್ಟಿದ್ದರು. ಸಾಹುಕಾರರು ಲೆಕ್ಕ ಹಾಕಿದರು. ಒಂದು ಲೀಟರ್ ಪೆಟ್ರೋಲು ಮಾಡುವ ಕೆಲಸವನ್ನು ಸುಮಾರು ಒಂದೂವರೆ ಕಿಲೋ ಇದ್ದಿಲು ಮಾಡುತ್ತದೆ. ಲಾರಿಗೆ ಪ್ಲಾಂಟ್ ಕೂರಿಸಿಬಿಟ್ಟರು.

ಅದನ್ನು ಕಣ್ಣಿಗೆ ಕಟ್ಟುವಂತೆ ಹೇಳಬೇಕೆಂದರೆ ಹೀಗೆ: ಡ್ರೈವರ್ ಕೂರುವ ಜಾಗದ ಹಿಂದೆ ಆಳೆತ್ತರದ ಕಬ್ಬಿಣದ ಡ್ರಮ್ಮು. ಮೇಲಿನ ಮುಚ್ಚಳ ತೆಗೆದು ಇದ್ದಿಲು ತುಂಬಬೇಕು. ತಳದಲ್ಲಿ ಬೆಂಕಿ. ಪಕ್ಕದಲ್ಲಿ ಗಾಳಿ ಒಳಹೋಗಲು ಒಂದು ಸಣ್ಣ ಕೊಳವೆ. ಗಾಳಿ ಧಾರಾಳವಾಗಿ ಸಿಕ್ಕರೆ ಇದ್ದಿಲು ಪೂರ್ತಿ ಉರಿದು ಬೂದಿಯಾಗುತ್ತದೆ, ಅದರಿಂದ ಪ್ರಯೋಜನವಿಲ್ಲ. ಬೇಕಾದಷ್ಟೇ ಗಾಳಿ ಕೊಟ್ಟು, ಉರಿದು ಬಂದ ಅನಿಲ ಮತ್ತೆ ಕೆಂಡದ ರಾಶಿಯ ನಡುವೆ ಹಾದುಬರುವಂತೆ ಮಾಡಿದರೆ ಅದು ಇನ್ನೊಮ್ಮೆ ಉರಿಯಬಲ್ಲ ಅನಿಲವಾಗುತ್ತದೆ. ಇದೇ ಕಾರ್ಬನ್ ಮಾನಾಕ್ಸೈಡ್. ಅಗ್ಗಿಷ್ಟಿಕೆಯ ಕೆಂಡದ ಮೇಲೆ ನೀಲಿ ಉರಿ ಆಡುವುದನ್ನು ನೀವೂ ನೋಡಿರಬಹುದು, ಅದು ಇದೇ. ಈ ಅನಿಲ ಕೊಳವೆಗಳಲ್ಲಿ ಹರಿದು ತಣ್ಣಗಾಗಿ, ಬಟ್ಟೆ ನಾರುಗಳ ಶೋಧಕದಲ್ಲಿ ಧೂಳು ಕಳೆದುಕೊಂಡು, ಹೆಚ್ಚುಕಡಿಮೆ ತನ್ನಷ್ಟೇ ಗಾಳಿಯ ಜೊತೆ ಬೆರೆತು ಎಂಜಿನ್ನಿಗೆ ಹೋಗುತ್ತಿತ್ತು.

ಬೆಳಿಗ್ಗೆ ಲಾರಿ ಹೊರಡಿಸುವುದೇ ಒಂದು ವ್ರತ. ಕ್ಲೀನರ್ ಹುಡುಗ ಎಣ್ಣೆಬಟ್ಟೆ ಹೊತ್ತಿಸಿ ತಳಕ್ಕೆ ಬೆಂಕಿ ಹಾಕಿ, ಕೈಯಲ್ಲಿ ತಿರುಗಿಸುವ ಬೀಸಣಿಗೆಯಿಂದ ಕಾಲು ಗಂಟೆ ಗಾಳಿ ಹೊಡೆಯಬೇಕು. ಆಮೇಲೆ ಕೊಳವೆಯ ಬಾಯಿಗೆ ಬೆಂಕಿಕಡ್ಡಿ ಹಿಡಿದು ನೋಡಬೇಕು. ಅನಿಲ ಹೊತ್ತಿ ನಿಂತು ಉರಿದರೆ ಎಂಜಿನ್ನಿಗೆ ಊಟ ಸಿದ್ಧ. ಹೊತ್ತಿ ಆರಿದರೆ ಮತ್ತೆ ಬೀಸಬೇಕು. ರೇಷನ್ನಿನ ಪೆಟ್ರೋಲು ನಾಲ್ಕು ಹನಿ ಕೊಟ್ಟು ಎಂಜಿನ್ ಎಬ್ಬಿಸಿ, ಮೆಲ್ಲಗೆ ಗ್ಯಾಸಿಗೆ ತಿರುಗಿಸಬೇಕು.

ಇಷ್ಟೆಲ್ಲ ಮಾಡಿದರೂ ಲಾರಿಯ ಶಕ್ತಿ ಅರ್ಧಕ್ಕೆ ಇಳಿದಿರುತ್ತಿತ್ತು. ಈ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಉರಿಯದ ಸಾರಜನಕವೇ. ಬಯಲಲ್ಲಿ ಹೇಗೋ ಓಡೀತು. ಲಿಂಗದಹಳ್ಳಿ ದಾಟಿ ಸಂತವೇರಿಯ ಏರು ಸಿಕ್ಕರೆ ಏದುಸಿರು. ಈ ಅನಿಲ ನಿಧಾನವಾಗಿ ಉರಿಯುವುದರಿಂದ ಕಿಡಿ ಹಾರುವ ಹೊತ್ತನ್ನು ಸ್ವಲ್ಪ ಮುಂಚಿತ ಮಾಡಿದರೆ ಎಂಜಿನ್ ಎಳೆಯುತ್ತದೆ ಎಂದು ಅಜ್ಜ ಕಂಡುಕೊಂಡಿದ್ದ. ಯಂತ್ರದ ವಿಷಯ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಪ್ಲಾಂಟ್ ಕೂರಿಸಿದ ಮೂರೇ ತಿಂಗಳಿಗೆ ಅವನ ತಲೆ ಕೆಟ್ಟಿತು. ಲಾರಿ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಪ್ಲಗ್ಗು ಬಿಚ್ಚಿದ, ಕಾರ್ಬ್ಯುರೇಟರ್ ಬಿಚ್ಚಿದ, ವೈರು ಬದಲಾಯಿಸಿದ. ಊಹೂಂ.

ಅಜ್ಜಿ ಒಂದು ಸಂಜೆ ಕಾಫಿ ಕೊಡಲು ಹೋದವಳು ಡ್ರಮ್ಮಿನೊಳಗೆ ಇಣುಕಿ, ‘ಏನ್ರೀ, ಇಂಥ ಇಜ್ಲು ಹಾಕಿದ್ರೆ ನಮ್ಮನೆ ಅಗ್ಗಿಷ್ಟಿಕೇನೂ ಉರಿಯಲ್ಲ’ ಎಂದಳಂತೆ. ಅಜ್ಜನಿಗೆ ಸಿಟ್ಟು ಬಂತು. ‘ಇದು ಎಂಜಿನ್ನು, ಒಲೆಯಲ್ಲ’ ಎಂದ. ‘ಮುಂದಿನದು ಎಂಜಿನ್ನು, ಹಿಂದಿನದು ಒಲೆಯೇ ಅಲ್ವಾ?’ ಎಂದಳು ಅಜ್ಜಿ.

ಆ ಒಂದು ಮಾತಿನಲ್ಲಿ ಆ ಲಾರಿಯ ರೋಗವೆಲ್ಲ ಇತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಅಜ್ಜ ರೋಗವನ್ನು ಎಂಜಿನ್ನಿನಲ್ಲಿ ಹುಡುಕುತ್ತಿದ್ದ. ಅದು ಇದ್ದುದು ಒಲೆಯಲ್ಲಿ.

ಮಾರನೆಯ ದಿನದಿಂದ ಹಿತ್ತಿಲಲ್ಲಿ ಕೆಲಸ ಶುರುವಾಯಿತು. ಮೂಟೆ ಸುರಿದು, ಒಂದೊಂದೇ ತುಂಡು ನೋಡುವುದು. ಚೆನ್ನಾಗಿ ಬೆಂದ ಇದ್ದಿಲು ಒಂದಕ್ಕೊಂದು ತಾಗಿಸಿದರೆ ಕಂಚಿನ ಹಾಗೆ ಠಣ್ ಎನ್ನುತ್ತದೆ. ಅರೆಬೆಂದದ್ದು ದಪ್ಪ ಸದ್ದು ಮಾಡುತ್ತದೆ, ಮುರಿದರೆ ಒಳಗೆ ಕಂದು ಬಣ್ಣ. ಈ ಅರೆಬೆಂದ ಇದ್ದಿಲೇ ಹೊಗೆಯ ಜೊತೆ ಡಾಂಬರು ಕಾರಿ, ಎಂಜಿನ್ನಿನ ವಾಲ್ವುಗಳಿಗೆ ಅಂಟಿ ಅವನ್ನು ಹಿಡಿದಿಡುತ್ತಿದ್ದುದು. ಹಾಗಾಗಿ ಅದು ಬಚ್ಚಲ ಒಲೆಗೆ. ಮಣ್ಣಿನ ಗೂಡಿನಲ್ಲಿ ಸುಟ್ಟ ಇದ್ದಿಲಿಗೆ ಮಣ್ಣು, ಮರಳು ಅಂಟಿರುತ್ತದೆ. ಅದು ಆ ಬೆಂಕಿಯ ಕಾವಿಗೆ ಕರಗಿ, ಗಾಜಿನಂಥ ಗಟ್ಟಿಯಾಗಿ ಗಾಳಿಯ ಕೊಳವೆಯ ಬಾಯಿ ಮುಚ್ಚುತ್ತದೆ. ಅದಕ್ಕೆ ಜರಡಿ. ಪುಡಿ ಬಿದ್ದರೆ ಶೋಧಕ ಕಟ್ಟಿಕೊಳ್ಳುತ್ತದೆ, ಅದಕ್ಕೂ ಜರಡಿ. ತೀರ ದೊಡ್ಡ ತುಂಡುಗಳು ಡ್ರಮ್ಮಿನೊಳಗೆ ಕಮಾನಿನಂತೆ ಗೂಡು ಕಟ್ಟಿ ನಿಂತುಬಿಡುತ್ತವೆ, ಕೆಳಗೆ ಕೆಂಡ ಮುಗಿದರೂ ಮೇಲಿನದು ಇಳಿಯುವುದಿಲ್ಲ. ಅದಕ್ಕೆ ಸುತ್ತಿಗೆಯಿಂದ ಒಡೆದು ಲಿಂಬೆಹಣ್ಣಿನ ಗಾತ್ರ ಮಾಡುವುದು.

ಈ ಕೆಲಸಕ್ಕೆ ಅಜ್ಜಿ, ಪಕ್ಕದ ಮನೆಯ ಹೆಂಗಸು, ಏಳು ವರ್ಷದ ನನ್ನ ಅಮ್ಮ. ಅಮ್ಮನ ಉಗುರಿನ ಕಪ್ಪು ಶೀಗೆಪುಡಿಗೂ ಹೋಗುತ್ತಿರಲಿಲ್ಲವಂತೆ. ಶಾಲೆಯಲ್ಲಿ ಮಕ್ಕಳು ‘ಇದ್ದಿಲು ಲಾರಿ’ ಎಂದೇ ಕರೆಯುತ್ತಿದ್ದರಂತೆ. ಕೂಲಿ? ‘ಯಾರು ಕೊಡ್ತಾರೆ? ಮನೆ ಕೆಲಸ ಅಲ್ವಾ!’ ಎಂದಳು ಅಮ್ಮ.

ಲಾರಿ ಏರು ಹತ್ತತೊಡಗಿತು. ಉಳಿದದ್ದು ಒಂದೇ ತೊಂದರೆ. ಓಡುತ್ತಿರುವಾಗ ಒಮ್ಮೊಮ್ಮೆ ಢಂ ಎಂದು ಸಿಡಿದ ಸದ್ದಾಗಿ ಎಂಜಿನ್ ಸೋತುಹೋಗುತ್ತಿತ್ತು. ಎಲ್ಲೋ ಬಿರುಕಿನಲ್ಲಿ ಹೊರಗಿನ ಗಾಳಿ ನುಗ್ಗಿ ಅನಿಲವನ್ನು ದಾರಿಯಲ್ಲೇ ಉರಿಸುತ್ತಿದೆ ಎಂದು ಅಜ್ಜನಿಗೆ ಗೊತ್ತಾಯಿತು. ಬಿರುಕು ಎಲ್ಲಿ ಎಂದು ಕಾಣಲಿಲ್ಲ. ಅಜ್ಜಿ ದೇವರ ಮನೆಯಿಂದ ಊದುಬತ್ತಿ ತಂದಳು. ಎಂಜಿನ್ ಓಡುತ್ತಿರುವಾಗ ಅದು ಡ್ರಮ್ಮಿನಿಂದ ಅನಿಲವನ್ನು ಎಳೆದುಕೊಳ್ಳುತ್ತಿರುತ್ತದೆ. ಬಿರುಕಿದ್ದ ಕಡೆ ಊದುಬತ್ತಿಯ ಹೊಗೆಯೂ ಒಳಕ್ಕೆ ಎಳೆದುಕೊಳ್ಳಬೇಕು. ಹಾಗೇ ಆಯಿತು. ಮುಚ್ಚಳದ ಅಂಚಿನಲ್ಲಿ ಎರಡು ಕಡೆ, ತಳದ ಬೂದಿಬಾಗಿಲಲ್ಲಿ ಒಂದು ಕಡೆ ಹೊಗೆಯ ಎಳೆ ದಾರ ಪೋಣಿಸಿದಂತೆ ಒಳಗೆ ಹೋಯಿತು. ಜೇಡಿಮಣ್ಣಿಗೆ ಬೂದಿ ಕಲಸಿ ಅಜ್ಜಿಯೇ ಮೆತ್ತಿದಳು. ಆ ಮೆತ್ತುಗೆ ರಸ್ತೆಯ ಕುಲುಕಾಟಕ್ಕೆ ವಾರ ನಿಲ್ಲುತ್ತಿರಲಿಲ್ಲ, ಮತ್ತೆ ಮೆತ್ತಬೇಕಿತ್ತು.

ಇಲ್ಲಿಯವರೆಗೆ ಅಜ್ಜಿ ನಗುನಗುತ್ತಲೇ ಹೇಳಿದಳು. ಮುಂದಿನದನ್ನು ಹೇಳುವಾಗ ಅವಳ ದನಿ ಇಳಿಯಿತು.

1944ರ ಆಷಾಢ. ಹಿಡಿದ ಮಳೆ ಬಿಟ್ಟಿರಲಿಲ್ಲ. ಇದ್ದಿಲು ಥಂಡಿ ಹಿಡಿದು ಬೆಳಿಗ್ಗೆ ಬೆಂಕಿ ಹೊತ್ತಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. ರಾತ್ರಿ ಬೆಂಕಿಯನ್ನು ಪೂರ್ತಿ ಆರಿಸಬೇಡಿ, ಕೆಂಡ ಹಾಗೇ ಇರಲಿ ಎಂದು ಸಾಹುಕಾರರು ಹೇಳಿದ್ದರು. ಲಾರಿ ನಿಲ್ಲುತ್ತಿದ್ದುದು ನಮ್ಮ ಮನೆಯ ಹಿಂದಿನ ಹಲಗೆಯ ಷೆಡ್ಡಿನಲ್ಲಿ. ಕ್ಲೀನರ್ ಹುಡುಗನಿಗೆ ಹದಿನೈದು ವರ್ಷ ಇರಬಹುದು. ಎರಚಲು ಹೊಡೆಯುತ್ತದೆಂದು ಷೆಡ್ಡಿನ ಬಾಗಿಲು ಮುಚ್ಚಿ, ಲಾರಿಯ ಪಕ್ಕದಲ್ಲೇ ಗೋಣಿ ಹಾಸಿ ಮಲಗುತ್ತಿದ್ದ. ಬೆಚ್ಚಗಿರುತ್ತದೆ ಎಂದು ಅವನಿಗೂ ಖುಷಿ.

ಮೂರು ದಿನದಿಂದ ಅವನು ಬೆಳಿಗ್ಗೆ ಎದ್ದಾಗ, ‘ಅಕ್ಕಾ, ತಲೆ ಸಿಡೀತದೆ’ ಎನ್ನುತ್ತಿದ್ದ. ಒಂದು ದಿನ ವಾಂತಿಯನ್ನೂ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಿತ್ತು. ಕೆಲಸ ತಪ್ಪಿಸಲು ನೆಪ ಎಂದು ಅಜ್ಜ ಗದರಿದ. ಅಜ್ಜಿಗೆ ಮಾತ್ರ ಆ ತಲೆನೋವು ಎಲ್ಲೋ ಕಂಡದ್ದು ಅನ್ನಿಸುತ್ತಲೇ ಇತ್ತು. ನಾಲ್ಕನೆಯ ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ನೆನಪಾಯಿತು: ಅಮ್ಮನನ್ನು ಹೆತ್ತಾಗಿನ ಬಾಣಂತಿ ಕೋಣೆ!

ಮಲೆನಾಡಿನ ಬಾಣಂತಿ ಕೋಣೆ ಹೇಗಿರುತ್ತಿತ್ತೆಂದು ನಿಮ್ಮಲ್ಲಿ ಹಿರಿಯರಿಗೆ ಗೊತ್ತಿರುತ್ತದೆ. ಮಂಚದ ಕೆಳಗೆ ಅಗ್ಗಿಷ್ಟಿಕೆ, ಕಿವಿಗೆ ಹತ್ತಿ, ಕಿಟಕಿಯ ಸಂದಿಗೆಲ್ಲ ಬಟ್ಟೆ. ಅಂಥ ಕೋಣೆಯಲ್ಲಿ ಅಜ್ಜಿಗೂ ಹೀಗೆಯೇ ತಲೆ ಸಿಡಿದು, ಹೊರಗೆ ಬಂದೊಡನೆ ಹಗುರಾಗಿತ್ತು. ಅವಳ ತಾಯಿ ಕಂಡುಹಿಡಿದು, ‘ಕೆಂಡದ ಉಸಿರು ಕೆಟ್ಟದ್ದು, ಕಿಟಕಿ ತೆರೀರಿ’ ಎಂದು ಬೈದಿದ್ದಳಂತೆ.

ಅಜ್ಜಿ ಲಾಟೀನು ಹಿಡಿದು ಮಳೆಯಲ್ಲೇ ಓಡಿದಳು. ಷೆಡ್ಡಿನ ಬಾಗಿಲು ನೂಕಿದರೆ ಒಳಗೆ ಹೊಗೆ ಇಲ್ಲ, ವಾಸನೆ ಇಲ್ಲ. ಲಾಟೀನಿನ ದೀಪವೂ ಕುಗ್ಗಲಿಲ್ಲ, ಚೆನ್ನಾಗಿಯೇ ಉರಿಯುತ್ತಿತ್ತು. ಹುಡುಗ ಮಾತ್ರ ಕೂಗಿದರೆ ಏಳಲಿಲ್ಲ. ಅಜ್ಜನನ್ನು ಕೂಗಿ ಕರೆದು, ಇಬ್ಬರೂ ಸೇರಿ ಅವನನ್ನು ಎಳೆದು ಜಗಲಿಗೆ ತಂದು ಹಾಕಿದರು. ಬಹಳ ಹೊತ್ತಿನ ಮೇಲೆ ನರಳಿದ. ಬೆಳಗಾದೊಡನೆ ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ದರು. ಬದುಕಿದ. ಆದರೆ ಮೊದಲಿನ ಹುಡುಗನಾಗಲಿಲ್ಲ. ಹೇಳಿದ ಮಾತು ಮರೆಯುತ್ತಿದ್ದ, ಕೈ ನಡುಗುತ್ತಿತ್ತು. ಎರಡು ತಿಂಗಳಾದ ಮೇಲೆ ಅವನ ತಂದೆ ಬಂದು ಊರಿಗೆ ಕರೆದುಕೊಂಡು ಹೋದ.

ಏನಾಗಿತ್ತು ಎಂದು ಈಗ ಹೇಳುವುದು ಸುಲಭ. ಎಂಜಿನ್ ಓಡುವಾಗ ಯಾವ ಬಿರುಕುಗಳು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದವೋ, ಎಂಜಿನ್ ನಿಂತ ಮೇಲೆ ಅದೇ ಬಿರುಕುಗಳಿಂದ ಕೆಂಡದ ಅನಿಲ ಹೊರಕ್ಕೆ ಬರುತ್ತಿತ್ತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಪ್ರಾಣವಾಯುವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ದೀಪ ಉರಿಯುತ್ತಿದೆಯಲ್ಲ ಎಂದು ನಂಬುವ ಹಾಗೂ ಇಲ್ಲ. ಮನುಷ್ಯನನ್ನು ಕೊಲ್ಲುವಷ್ಟು ಅನಿಲ ದೀಪವನ್ನು ಆರಿಸುವುದಿಲ್ಲ. ಅಜ್ಜಿ ಹಗಲು ಊದುಬತ್ತಿಯಲ್ಲಿ ಬಿರುಕು ಹುಡುಕಿದವಳು. ‘ಒಳಗೆ ಹೋಗೋ ದಾರೀನೇ ಹೊರಗೆ ಬರೋ ದಾರಿ ಅಂತ ನನಗೆ ಅವತ್ತೇ ಹೊಳೀಬೇಕಿತ್ತು’ ಎಂದು ನಲವತ್ತು ವರ್ಷದ ಮೇಲೂ ಹಲುಬುತ್ತಿದ್ದಳು.

ಮರುದಿನ ಅಜ್ಜಿ ಅಜ್ಜನಿಗೆ ಖಂಡಿತವಾಗಿ ಹೇಳಿದಳು: ರಾತ್ರಿ ಡ್ರಮ್ಮಿನಲ್ಲಿ ಕೆಂಡ ಇಡಕೂಡದು. ಇಡಲೇಬೇಕೆಂದರೆ ಷೆಡ್ಡಿಗೆ ಗೋಡೆ ಕೂಡದು. ಲಾರಿಯ ಹತ್ತಿರ ಯಾರೂ ಮಲಗಕೂಡದು. ಸಾಹುಕಾರರು ಒಪ್ಪಲಿಲ್ಲ. ಬೆಳಿಗ್ಗೆ ಲಾರಿ ತಡವಾದರೆ ರೈಲಿಗೆ ಮಾಲು ತಪ್ಪುತ್ತದೆ, ಬೇರೆ ಡ್ರೈವರ್ ನೋಡುತ್ತೇನೆ ಎಂದರು. ಅಜ್ಜ ಮಾತಾಡದೆ ಬೀಗದ ಕೈ ಅವರ ಮುಂದಿಟ್ಟು ಮನೆಗೆ ಬಂದ. ಯುದ್ಧಕಾಲ, ಅಕ್ಕಿಗೂ ಕಷ್ಟ. ‘ಹೊಟ್ಟೆಯಲ್ಲಿ ಬೆಂಕಿ ಹಾಕ್ಕೊಂಡ ಹಾಗಾಗಿತ್ತು. ಆದ್ರೆ ಆ ಹುಡುಗನ ಮುಖ ಕಣ್ಮುಂದೆ ಬರ್ತಿತ್ತು’ ಎಂದಳು ಅಜ್ಜಿ.

ಎಂಟು ದಿನ ಲಾರಿ ನಿಂತಿತು. ಆ ಲಾರಿಯ ಸ್ವಭಾವ ತಿಳಿದ ಬೇರೆ ಡ್ರೈವರ್ ಸಿಗಲಿಲ್ಲ. ಒಂಬತ್ತನೆಯ ದಿನ ಸಾಹುಕಾರರು ಹೇಳಿ ಕಳುಹಿಸಿದರು. ಷೆಡ್ಡಿನ ಮೂರು ಕಡೆಯ ಹಲಗೆ ಕಿತ್ತು ಬರೀ ಮಾಡು ಉಳಿಸಿದರು. ಮಾರನೆಯ ದಿನಕ್ಕೆ ಬೇಕಾದ ಇದ್ದಿಲು ಹಿಂದಿನ ಸಂಜೆಯೇ ನಮ್ಮ ಅಡುಗೆ ಒಲೆಯ ಮೇಲಿನ ಅಟ್ಟ ಸೇರತೊಡಗಿತು. ಕೊಬ್ಬರಿ, ಉಪ್ಪಿಟ್ಟ ಹುಣಸೆಹಣ್ಣು ಬೆಚ್ಚಗಿಡುವ ಜಾಗದಲ್ಲಿ ಲಾರಿಯ ಆಹಾರ! ಹಾಗೆ ಒಣಗಿದ ಇದ್ದಿಲು ರಾತ್ರಿಯ ಕೆಂಡವಿಲ್ಲದೆಯೂ ಬೇಗ ಹೊತ್ತಿಕೊಂಡಿತು. ಹುಡುಗನ ಪ್ರಾಣಕ್ಕೆ ಬಂದ ಆ ಅರ್ಧ ಗಂಟೆಯ ಉಳಿತಾಯ ಬರೀ ಒಂದು ಅಟ್ಟದಿಂದ ಆಗುವಂಥದ್ದಾಗಿತ್ತು.

ಯುದ್ಧ ಮುಗಿದ ಮೇಲೆ ಪ್ಲಾಂಟನ್ನು ಬಿಚ್ಚಿ ಇಳಿಸಿದರು. ಎಂಜಿನ್ ತೆರೆದಾಗ ಸಿಲಿಂಡರಿನ ಗೋಡೆಗಳು ಬೂದಿಯ ಧೂಳಿಗೆ ಗೀರುಬಿದ್ದು ಸವೆದಿದ್ದವಂತೆ. 1954ರಲ್ಲಿ ಟಾಟಾ ಕಂಪನಿ ಜರ್ಮನಿಯವರ ಜೊತೆ ಸೇರಿ ಡೀಸೆಲ್ ಲಾರಿಗಳನ್ನು ಮಾಡತೊಡಗಿದ ಮೇಲೆ ಹಳೆಯ ಪೆಟ್ರೋಲ್ ಲಾರಿಗಳ ಕಾಲವೂ ಮುಗಿಯುತ್ತ ಬಂತು. ಆ ಡ್ರಮ್ಮು ನಮ್ಮ ಮನೆಯ ಸೂರಿನ ಕೆಳಗೆ ಮಳೆನೀರು ಹಿಡಿಯಲು ನಿಂತು, ತುಕ್ಕು ಹಿಡಿದು ತೂತಾಗಿ ಗುಜರಿಗೆ ಹೋಯಿತು. ಜರಡಿ ಮಾತ್ರ ಉಳಿಯಿತು.

ಆ ಅನಿಲದ ಕಥೆ ಅಲ್ಲಿಗೇ ಮುಗಿಯಲಿಲ್ಲ. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ವಿದ್ಯುತ್ ತಯಾರಿಸಿದರು. ಊರಿಗೆ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಬಂತು. ಪತ್ರಿಕೆಯಲ್ಲಿ ಬಂದದ್ದನ್ನು ಅಜ್ಜಿಗೆ ಓದಿ ಹೇಳಿದೆ. ‘ಕಟ್ಟಿಗೆ ಒಣಗಿಸ್ತಾರಂತಾ?’ ಎಂದು ಕೇಳಿದಳು. ಒಣಗಿಸಿ, ಸಣ್ಣ ತುಂಡು ಮಾಡಿ ಹಾಕುತ್ತಾರಂತೆ ಎಂದೆ. ‘ಹಾಂ’ ಎಂದು ತಲೆಯಾಡಿಸಿದಳು. ‘ಎಂಜಿನ್ ಮನೆಗೆ ಕಿಟಕಿ ಇದೆಯಂತಾ?’ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಲಾರಿಯನ್ನು ಓಡಿಸಿದವನು ನಮ್ಮಜ್ಜ ಎಂದು ಊರಿನಲ್ಲಿ ಹಳಬರು ಹೇಳುತ್ತಿದ್ದರು. ಅದು ಸರಿಯೇ. ಅದರ ಒಲೆ ನೋಡಿಕೊಂಡವರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಿಕೊಳ್ಳಲಿಲ್ಲ. ಬೆಂದದ್ದು ಯಾವುದು, ಬೇಯದ್ದು ಯಾವುದು, ಹೊಗೆ ಯಾವ ಕಡೆ ಎಳೆಯುತ್ತದೆ, ಯಾವ ತಲೆನೋವು ಕೆಂಡದ್ದು ಎನ್ನುವ ತಿಳಿವಳಿಕೆ ಅವರಿಗೆ ಅಡುಗೆಮನೆ, ಬಾಣಂತಿ ಕೋಣೆಗಳಲ್ಲಿ ಬಂದದ್ದು. ಅದನ್ನು ವಿದ್ಯೆ ಎಂದು ಅವರೇ ಕರೆಯಲಿಲ್ಲ.

ಈಗಲೂ ಚಳಿಗಾಲದಲ್ಲಿ, ಮುಚ್ಚಿದ ಕೋಣೆಯಲ್ಲಿ ಇದ್ದಿಲ ಬೆಂಕಿ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಹೊಗೆ ಅಡಗಿದ ಕೆಂಡ ನಿರಪಾಯ ಎಂದು ಬಹಳ ಜನ ತಿಳಿದಿದ್ದಾರೆ. ಹೊಗೆ ಅಡಗಿದರೂ ಆ ಅನಿಲ ಬರುತ್ತಲೇ ಇರುತ್ತದೆ. ಅಂಥ ಸುದ್ದಿ ಓದಿದ ದಿನ ನಾನು ಎದ್ದು ಹೋಗಿ ಅಡುಗೆಮನೆಯ ಕಿಟಕಿ ನೋಡಿ ಬರುತ್ತೇನೆ. ಅಜ್ಜಿ ಹೋಗಿ ವರ್ಷಗಳಾದವು. ಎರಚಲಿಗೆ ಅದರ ಚೌಕಟ್ಟು ಲಡ್ಡಾಗಿದೆ. ಕಳೆದ ವರ್ಷ ಬಡಗಿ ಬಂದವನು, ‘ಇದನ್ನು ತೆಗೆದು ಗಾಜು ಕೂರಿಸಿ ಮುಚ್ಚಿಬಿಡೋಣ್ವಾ ಅಮ್ಮಾ?’ ಎಂದು ಕೇಳಿದ.

ಚೌಕಟ್ಟು ಬದಲಾಯಿಸು, ತೆರೆಯುವ ಬಾಗಿಲುಗಳನ್ನೇ ಕೂರಿಸು ಎಂದು ಹೇಳಿದೆ.